ಗಣಕಯಂತ್ರ, ಮೊಬೈಲು ಮತ್ತು ನಮ್ಮ ಮನೆಯ ಲೆಕ್ಕ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಾವು ಓದಿರುವುದು ಎಸ್.ಎಸ್.ಎಲ್.ಸಿ., ಅದೂ ಗಣಿತಕ್ಕೆ ಎರಡನೇ ಸಲ ಕೂತು ಪಾಸಾದದ್ದು. ಕಾರ್ಯದರ್ಶಿಗಳು ನಮಗೆ 'ತಂತ್ರಜ್ಞಾನ ಮತ್ತು ಗ್ರಾಮೀಣ ಜೀವನ' ಅಂತ ದೊಡ್ಡ ವಿಷಯ ಕೊಟ್ಟರು. ಅಷ್ಟು ದೊಡ್ಡದು ನಮ್ಮ ಕೈಲಿ ಆಗೋದಿಲ್ಲ ಸ್ವಾಮಿ, ನಮ್ಮ ಡೇರಿಗೆ ಮತ್ತು ನಮ್ಮ ಮನೆಗೆ ಬಂದ ಯಂತ್ರಗಳ ವಿಚಾರ ಕಂಡ ಹಾಗೆ ಹೇಳುತ್ತೇವೆ ಅಂದೆವು. ಆಗಲಿ ಅಂದರು.

ನಮ್ಮ ಸಂಘ ಹುಟ್ಟಿದ್ದು 2000ನೇ ಇಸವಿಯಲ್ಲಿ. ಆಗ ಊರಿನ ಯಾರ ಮನೆಯಲ್ಲೂ ಗಣಕಯಂತ್ರ ಇರಲಿಲ್ಲ. ನಾವು ಅದನ್ನು ಮೊಟ್ಟಮೊದಲು ಕಂಡದ್ದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ. 'ಭೂಮಿ' ಯೋಜನೆ ಬಂದು, ಕೈಬರಹದ ಪಹಣಿ ಹೋಗಿ, ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವ ಕಾಲ. ಆ ಕಿಟಕಿಯಲ್ಲಿ ಒಂದು ವಿಶೇಷ ಇತ್ತು. ಒಳಗೆ ಕೂತವರಿಗೆ ಒಂದು ಪರದೆ, ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿ ಇನ್ನೊಂದು ಪರದೆ. ಅವರು ಏನು ಒತ್ತುತ್ತಾರೋ ಅದು ನಮಗೂ ಕಾಣುತ್ತಿತ್ತು. ಆ ನೂಕುನುಗ್ಗಲಲ್ಲಿ ನಮಗೆ ತಿಳಿದದ್ದು ನಮ್ಮಪ್ಪನ ಹೆಸರು, ಸರ್ವೆ ನಂಬರು ಅಷ್ಟೇ. ಆದರೂ ಒಂದು ಧೈರ್ಯ ಬಂತು.

ನಮ್ಮ ಡೇರಿಗೆ ಯಂತ್ರ ಬಂದದ್ದು 2009ರಲ್ಲಿ. ಅದಕ್ಕೆ ಮುಂಚೆ ಫ್ಯಾಟ್ ನೋಡುವುದು ಎಂದರೆ ಗಾಜಿನ ಬ್ಯುಟಿರೋಮೀಟರಿಗೆ ಹತ್ತು ಎಂ.ಎಲ್. ಗಂಧಕಾಮ್ಲ, ಹತ್ತೂಮುಕ್ಕಾಲು ಎಂ.ಎಲ್. ಹಾಲು, ಒಂದು ಎಂ.ಎಲ್. ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಒತ್ತಿ, ಗಿರಗಿರ ತಿರುಗಿಸಿ, ಮೇಲೆ ತೇಲಿದ ಕೊಬ್ಬಿನ ಗೆರೆ ಓದುವುದು. ಹಾಲು ಪರೀಕ್ಷಕರ ಪಂಚೆಯಲ್ಲಿ ಆಸಿಡ್ಡಿನ ತೂತು ಇಲ್ಲದ ದಿನ ಇರಲಿಲ್ಲ. ಗೆರೆ ಓದಿದವರ ಕಣ್ಣೇ ಸಾಕ್ಷಿ. ಹಾಗಾಗಿ ಜಗಳವೂ ಇತ್ತು. 'ನಮ್ಮ ಹಸಿಗೆ ಯಾಕೆ ಮೂರೂವರೆ, ಅವರ ಹಸಿಗೆ ಯಾಕೆ ನಾಕೂಕಾಲು' ಎಂಬ ಪಂಚಾಯ್ತಿ ಈ ಜಗಲಿಯಲ್ಲಿ ಎಷ್ಟು ಆಗಿದೆಯೋ ಲೆಕ್ಕ ಇಟ್ಟವರಿಲ್ಲ.

ಆದರೆ ಯಂತ್ರ ತರುತ್ತೇವೆ ಅಂದ ಕೂಡಲೇ ಎಲ್ಲರಿಗೂ ಹಳೇ ಪರೀಕ್ಷಕರೇ ಒಳ್ಳೆಯವರಾಗಿಬಿಟ್ಟರು! ಯಂತ್ರ ಹಾಲು ಕದಿಯುತ್ತೆ ಅಂದವರಿದ್ದರು. ನಾವೂ ಅವರಲ್ಲಿ ಒಬ್ಬರು, ಮುಚ್ಚಿಡುವುದೇನು. ಆಗ ಸಭೆಯಲ್ಲಿ ಎರಡು ಮಾತಾಯಿತು. ಒಂದು ತಿಂಗಳು ಹಳೆಯದು ಹೊಸದು ಎರಡೂ ನಡೆಯಲಿ, ಎರಡರ ಅಂಕಿಯನ್ನೂ ಬೋರ್ಡಿನ ಮೇಲೆ ಬರೆಯಲಿ. ಹಾಲು ಹಾಕಿದವರಿಗೆ ಹೊತ್ತು ಹೊತ್ತಿಗೆ ಚೀಟಿ ಕೊಡಲಿ. ಇಷ್ಟಾದ ಮೇಲೂ, ಈಗ ತೀರಿಹೋಗಿರುವ ನಮ್ಮ ಕೇರಿಯ ಅಜ್ಜಿಯೊಬ್ಬರು ಮೊದಲನೇ ದಿನ ಕ್ಯಾನು ಕೆಳಗಿಟ್ಟು, 'ಅದೇನೋ ಕೆಂಪಗೆ ಉರೀತದಲ್ಲ ನಂಬರು, ಅದರ ಮುಖ ನಿನ್ ಕಡೆ ಯಾಕಪ್ಪ, ಈ ಕಡೆ ತಿರುಗ್ಸು' ಅಂದರು. ಅವರಿಗೆ ಅಂಕಿ ಓದೋಕೆ ಬರುತ್ತಿರಲಿಲ್ಲ. ಆದರೂ ಅವತ್ತಿನಿಂದ ಇವತ್ತಿನ ತನಕ ನಮ್ಮ ಡೇರಿಯಲ್ಲಿ ಆ ಡಬ್ಬದ ಮುಖ ಸದಸ್ಯರ ಕಡೆಗೇ ಇದೆ.

ಇಲ್ಲಿ ಒಂದು ಮಾತು. ಸಂಘದ ಕಚೇರಿಗೆ ಗಣಕಯಂತ್ರ ಬಂದ ಹೊಸದರಲ್ಲಿ ಕಾರ್ಯದರ್ಶಿಗಳು ಇಸ್ಪೀಟು ಆಡುತ್ತಾರೆ ಅಂತ ದೂರು ಬಂದಿತ್ತು. ನಿಜ, ಆಡುತ್ತಿದ್ದರು. ಸಾಲಿಟೇರ್ ಅಂತ, ಒಬ್ಬರೇ ಆಡುವ ಎಲೆಯಾಟ. 1990ರಲ್ಲಿ ವಿಂಡೋಸ್ ಜೊತೆ ಅದನ್ನು ಕೊಟ್ಟದ್ದರಲ್ಲಿ, ಜನ ಮೌಸ್ ಹಿಡಿದು ಎಳೆಯುವುದನ್ನು ಕಲಿಯಲಿ ಎಂಬ ಉದ್ದೇಶವೂ ಇತ್ತಂತೆ. ನಮ್ಮ ಕಾರ್ಯದರ್ಶಿಗಳು ಕಲಿತದ್ದೂ ಹಾಗೆಯೇ. ಅವರ ಕೈ ಅವತ್ತು ಎಲೆ ಮೇಲೆ ಪಳಗದೆ ಇದ್ದಿದ್ದರೆ ಮುಂದೆ ನಮ್ಮ ಬಟವಾಡೆ ಪಟ್ಟಿಯ ಮೇಲೆ ಓಡುತ್ತಿರಲಿಲ್ಲ. ಹಾಗಾಗಿ ಆಟ ಅಂದರೆ ಕೆಟ್ಟದ್ದು ಅಂತ ನಾವು ಹೇಳೋದಿಲ್ಲ.

ಇನ್ನು ಮನೆಯ ಕಡೆ ಬರೋಣ. ನಮ್ಮ ಮನೆಗೆ ಮೊದಲು ಬಂದ ಮೊಬೈಲು ನೋಕಿಯಾ 1100. ಅದು ಮಾರುಕಟ್ಟೆಗೆ ಬಂದದ್ದು 2003ರಲ್ಲಿ, ನಮ್ಮ ಕೈಗೆ ಬರುವಾಗ ಇನ್ನೂ ಎರಡು ವರ್ಷ ಆಗಿತ್ತು. ತಲೆಯಲ್ಲಿ ಟಾರ್ಚು ಇತ್ತು ನೋಡಿ, ಅದಕ್ಕೇ ತಗೊಂಡದ್ದು. ಅದರಲ್ಲಿ ಹಾವಿನ ಆಟ. 1997ರಲ್ಲೇ ನೋಕಿಯಾ ಫೋನಿನೊಳಗೆ ಬಂದ ಆಟವದು. ಕಾಳು ತಿಂದಷ್ಟೂ ಹಾವು ಉದ್ದವಾಗುತ್ತೆ, ತನ್ನ ಬಾಲ ತಾನೇ ಕಚ್ಚಿಕೊಂಡರೆ ಸತ್ತಿತು, ಮತ್ತೆ ಮೊದಲಿಂದ. ರಾತ್ರಿ ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟು ಕೊಟ್ಟರೆ ಪಂಪುಮನೆಯಲ್ಲಿ ಕೂತು ನಾವೂ ಅದನ್ನೇ ಆಡಿದವರು. ಒಳಗೊಂದು ಹಾವು, ಪಂಪುಮನೆ ಹೆಂಚಿನ ಸಂದಿಯಲ್ಲಿ ನಿಜವಾದದ್ದೊಂದು. ಆ ಆಟ ನಮ್ಮನ್ನು ಒಂದು ಪೈಸೆ ಕೇಳಲಿಲ್ಲ.

ಮುಂದೆ ಮೊಬೈಲ್ ಸ್ಟಾರ್ಟರ್ ಬಂತು. ಪಂಪಿನ ಪೆಟ್ಟಿಗೆಯೊಳಗೆ ಒಂದು ಸಿಮ್ಮು. ಮನೆಯಿಂದಲೇ ಕರೆ ಮಾಡಿದರೆ ಮೋಟಾರು ಆನ್ ಆಗುತ್ತೆ, ಕರೆಂಟು ಹೋದರೆ ಅದೇ ನಮಗೆ ಕರೆ ಮಾಡಿ ಹೇಳುತ್ತೆ. ನಡುರಾತ್ರಿ ತೆಂಗಿನ ತೋಟದಲ್ಲಿ ಓಡಾಡಿದವರಿಗೆ ಗೊತ್ತು ಅದರ ಬೆಲೆ. ನಮ್ಮ ಲೆಕ್ಕದಲ್ಲಿ ಈ ಇಪ್ಪತ್ತೈದು ವರ್ಷದಲ್ಲಿ ರೈತನ ನಿದ್ದೆ ಉಳಿಸಿದ ಯಂತ್ರ ಅದೊಂದೇ.

2020ರಲ್ಲಿ ಕೊರೊನಾ ಬಂತು. ಶಾಲೆ ಮುಚ್ಚಿತು. ಪಾಠ ಮೊಬೈಲಿಗೆ ಬರುತ್ತೆ ಅಂದರು. ನಮ್ಮ ಹುಡುಗ ಆಗ ಆರನೇ ಕ್ಲಾಸು. ತಿಪಟೂರಿಗೆ ಹೋಗಿ ಒಂಬತ್ತೂವರೆ ಸಾವಿರ ಕೊಟ್ಟು ದೊಡ್ಡ ಪರದೆಯ ಫೋನು ತಂದೆವು. ಮನೆಯೊಳಗೆ ಸಿಗ್ನಲ್ ಸಿಗದೆ ಹುಡುಗ ಕೆರೆ ಏರಿ ಮೇಲೆ ಹುಣಸೇಮರದ ಕೆಳಗೆ ಕೂತು ಪಾಠ ಕೇಳುತ್ತಿದ್ದ. ನಮಗೂ ಹೆಮ್ಮೆ. ಅವನೇ ಬ್ಯಾಂಕಿನ ಖಾತೆಯನ್ನು ಫೋನಿಗೆ ಸೇರಿಸಿಕೊಟ್ಟ, ಅವನೇ ಕರೆಂಟು ಬಿಲ್ಲು ಕಟ್ಟಿದ. ನಮ್ಮ ಕಣ್ಣಿಗೆ ಸಣ್ಣ ಅಕ್ಷರ ಕಾಣೋದಿಲ್ಲ ಅಂತ ಗುಪ್ತ ಸಂಖ್ಯೆಯನ್ನೂ ಅವನಿಗೇ ಹೇಳಿದೆವು. ಹಾಲಿನ ಬಟವಾಡೆ ಬೀಳುತ್ತಿದ್ದದ್ದೂ ಅದೇ ಖಾತೆಗೆ.

2022ರ ಬೇಸಿಗೆಯಲ್ಲಿ ಹಿಂಡಿ ಮೂಟೆಗೆ ದುಡ್ಡು ತರೋಣ ಅಂತ ಬ್ಯಾಂಕಿಗೆ ಹೋದರೆ ಖಾತೆಯಲ್ಲಿ ನಾನೂರು ಚಿಲ್ಲರೆ ಇತ್ತು. ಪಾಸ್ ಪುಸ್ತಕಕ್ಕೆ ಅಚ್ಚು ಹಾಕಿಸಿ ನೋಡಿದರೆ ಒಂದೂವರೆ ತಿಂಗಳಲ್ಲಿ ಆರು ಸಲ ದುಡ್ಡು ಹೋಗಿದೆ, ಒಟ್ಟು ಆರು ಸಾವಿರದ ಎಂಟುನೂರ ನಲವತ್ತು. ಮನೆಗೆ ಬಂದು ಕೇಳಿದೆವು. ಬಾಯಿ ಬಿಡಲಿಲ್ಲ. ಎರಡು ಏಟು ಬಿಗಿದೆವು. ಆಮೇಲೆ ಹೇಳಿದ. ಬಂದೂಕು ಹಿಡಿದು ಓಡಾಡುವ ಆಟವಂತೆ. ಅದರೊಳಗಿನ ಬೊಂಬೆಗೆ ಹೊಸ ಬಟ್ಟೆ, ಬಂದೂಕಿಗೆ ಬಣ್ಣ, ಅದಕ್ಕೆ ಖರ್ಚಾಗಿದೆ. ಹಳೇ ಬಟ್ಟೆಯಲ್ಲಿ ಆಡಿದರೆ ಜೊತೆ ಹುಡುಗರು ನಗುತ್ತಿದ್ದರಂತೆ. ನಮ್ಮ ಮನೆಯವರು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದವರು, 'ಬೊಂಬೆಗೆ ಬಟ್ಟೆ ತೊಡ್ಸಕ್ಕೆ ಆರು ಸಾವಿರನೇನೋ? ನಿಮ್ಮಜ್ಜಿಗೆ ದೀಪಾವಳಿಗೆ ಒಂದು ಸೀರೆ ತರ್ಲಿಲ್ವಲ್ಲೋ' ಅಂದು ಒಳಗೆ ಹೋಗಿ ಅತ್ತರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಪ್ಪ, ಡೇರಿ ಚೀಟಿ ದಿನಾ ಎರಡು ಸಲ ನೋಡ್ತೀಯ. ದುಡ್ಡು ಹೋದಾಗೆಲ್ಲ ಮೊಬೈಲಿಗೆ ಮೆಸೇಜು ಬಂದಿತ್ತು, ಆರು ಸಲಾನೂ. ನೀನು ಒಂದಾದ್ರೂ ತೆಗೆದು ನೋಡಿದ್ಯ?' ಅಂದ. ಹೊಡೆಸಿಕೊಂಡ ಹುಡುಗ ಎದುರು ಮಾತಾಡಿದ ಅಂತ ಸಿಟ್ಟು ಬಂತು. ಆದರೆ ತೆಗೆದು ನೋಡಿದರೆ ಆರೂ ಅಲ್ಲೇ ಇವೆ, ಇಂಗ್ಲಿಷಿನಲ್ಲಿ. ನಮಗೆ ಅಕ್ಷರ ಗೊತ್ತು, ಕೂಡಿಸಿ ಓದಿದರೆ ಅರ್ಥವೂ ಆಗುತ್ತೆ. ಓದಿರಲಿಲ್ಲ ಅಷ್ಟೇ. ಯಾವುದೋ ಕಂಪನಿಯವರ ಕಾಟ ಅಂತ ಬಿಟ್ಟಿದ್ದೆವು. ಡೇರಿಯ ಯಂತ್ರಕ್ಕೆ ಒಂದು ತಿಂಗಳು ಪರೀಕ್ಷೆ ಇಟ್ಟವರು, ಚೀಟಿ ಕೇಳಿದವರು, ಮನೆಗೆ ಬಂದ ಯಂತ್ರವನ್ನು ಒಂದು ಮಾತೂ ಕೇಳದೆ ಖಾತೆಯ ಬೀಗದ ಕೈ ಸಮೇತ ಒಂದು ಮಗುವಿನ ಕೈಗೆ ಕೊಟ್ಟಿದ್ದೆವು. ಆ ಏಟು ಹೊಡೆದದ್ದು ಇವತ್ತಿಗೂ ನಮಗೆ ಸರಿ ಅನಿಸಿಲ್ಲ.

ಇದನ್ನು ಸಭೆಯಲ್ಲಿ ಹೇಳಬೇಡಿ, ಮರ್ಯಾದೆ ಹೋಗುತ್ತೆ ಅಂತ ಮನೆಯಲ್ಲಿ ಅಂದರು. ಆದರೆ ಮಕ್ಕಳದ್ದು ಆರು ಸಾವಿರಕ್ಕೆ ನಿಲ್ಲುತ್ತೆ, ದೊಡ್ಡವರದ್ದು ನಿಲ್ಲೋದಿಲ್ಲ. ಮೊಬೈಲಿನಲ್ಲಿ ರಮ್ಮಿ ಆಡಿ, ಗೆದ್ದು ತೀರಿಸುತ್ತೇನೆ ಅಂತ ಕೈಸಾಲ ಮಾಡಿ, ಕೊನೆಗೆ ಹಾಲು ಕರೆಯುವ ಎರಡು ಹಸು ಹೊಡೆದುಕೊಂಡು ಹೋಗಿ ಸಂತೆಯಲ್ಲಿ ಮಾರಿದ್ದು ಈ ಊರಿನಲ್ಲೇ ನಡೆದಿದೆ. ಯಾರು ಏನು ಅಂತ ಹೇಳುವುದಿಲ್ಲ. ಹಾಲಿನ ರಿಜಿಸ್ಟರಿನಲ್ಲಿ ಒಂದು ಮನೆಯ ಹೆಸರಿನ ಮುಂದೆ ದಿನಕ್ಕೆ ಹದಿನೆಂಟು ಲೀಟರಿದ್ದದ್ದು ನಾಕಕ್ಕೆ ಇಳಿದಾಗ ನಾವು ನಿರ್ದೇಶಕರು ಹಸುವಿಗೆ ಕಾಯಿಲೆ ಇರಬೇಕು ಅಂದುಕೊಂಡೆವು.

ಸರ್ಕಾರ ಸುಮ್ಮನಿರಲಿಲ್ಲ ಅನ್ನಿ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಸೇರಿ 118 ಆ್ಯಪುಗಳನ್ನು ಕೇಂದ್ರ ತಡೆಯಿತು. ಮಾರನೇ ವರ್ಷವೇ ಅಂಥದೇ ಆಟ ಭಾರತದ ಹೆಸರು ಇಟ್ಟುಕೊಂಡು ಬಂತು. 2021ರಲ್ಲಿ ನಮ್ಮ ರಾಜ್ಯ ದುಡ್ಡಿನ ಆಟದ ಮೇಲೆ ಕಾನೂನು ಮಾಡಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹೊಸ ಕಾಯ್ದೆ ತಂದಿತು. ದುಡ್ಡು ಕಟ್ಟಿ, ಗೆದ್ದರೆ ದುಡ್ಡು ಬರುತ್ತೆಂಬ ಆಸೆಗೆ ಆಡುವ ಆಟಗಳಿಗೆ ಅದರಲ್ಲಿ ನಿಷೇಧ ಇದೆ. ಒಳ್ಳೆಯದೇ ಆಯಿತು. ಆದರೆ ನಮ್ಮ ಹುಡುಗ ಗೆಲ್ಲುವ ಆಸೆಗೆ ದುಡ್ಡು ಕಟ್ಟಿದವನಲ್ಲ, ಬೊಂಬೆಗೆ ಬಟ್ಟೆ ಕೊಂಡವನು. ಅಂಥ ವ್ಯಾಪಾರಕ್ಕೆ ಈ ನಿಷೇಧ ತಾಗುವುದಿಲ್ಲ. ಅದನ್ನು ಮನೆಯವರೇ ನೋಡಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಈಗ ಹಾಲಿನ ದುಡ್ಡು, ಲೀಟರಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಎರಡೂ ಮನೆಯವರ ಹೆಸರಿನ ಖಾತೆಗೆ ಬೀಳುತ್ತವೆ. ಆ ಖಾತೆಗೂ ಮೊಬೈಲಿಗೂ ಸಂಬಂಧವೇ ಇಲ್ಲ, ಬೇಕಾದರೆ ಬ್ಯಾಂಕಿಗೆ ಹೋಗಿ ತರುತ್ತಾರೆ. ಮೊಬೈಲಿಗೆ ಬೇರೆ ಖಾತೆ, ಅದರಲ್ಲಿ ಎರಡು ಸಾವಿರಕ್ಕೆ ಮೇಲೆ ಇಡುವುದಿಲ್ಲ. ಏನು ಕೊಳ್ಳಬೇಕಾದರೂ ಪ್ರತಿ ಸಲ ಗುರುತು ಕೇಳುವ ಹಾಗೆ ಪ್ಲೇ ಸ್ಟೋರಿನಲ್ಲಿ ಕಟ್ಟು ಹಾಕಬಹುದು, ಅದನ್ನು ಹುಡುಗನಿಂದಲೇ ಹಾಕಿಸಿದೆವು. ಗುಪ್ತ ಸಂಖ್ಯೆ ಬದಲಾಯಿಸಿದೆವು, ಈಗ ಕನ್ನಡಕ ಹಾಕಿಕೊಂಡು ನಾವೇ ಒತ್ತುತ್ತೇವೆ. ರಾತ್ರಿ ಊಟ ಆದ ಮೇಲೆ ಅವತ್ತಿನ ಮೆಸೇಜುಗಳನ್ನು ಹುಡುಗ ಜೋರಾಗಿ ಓದುತ್ತಾನೆ. ಆಟವನ್ನೂ ಬಿಡಿಸಿಲ್ಲ. ಜಗಲಿ ಮೇಲೆ, ನಾಕು ಜನಕ್ಕೆ ಕಾಣುವ ಹಾಗೆ ಕೂತು ಆಡಲಿ ಅಂದಿದ್ದೇವೆ. ಮೊದಮೊದಲು ಮುಖ ಊದಿಸಿದ, ಈಗ ಅವನಜ್ಜಿಯೇ ಪಕ್ಕ ಕೂತು 'ಹೊಡಿ, ಹೊಡಿ, ಬಲಗಡೆ ಬಂದ' ಅನ್ನುತ್ತಾರೆ. ಮೋಸದಲ್ಲಿ ಯಾರದಾದರೂ ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನು ಮಾಡಬೇಕು, ಆ ನಂಬರನ್ನು ಡೇರಿ ಗೋಡೆ ಮೇಲೆ ಬರೆಸಿದ್ದೇವೆ.

ಕೊನೆಗೆ ಸಂಘದ ಹಳೇ ಗಣಕಯಂತ್ರದ ವಿಚಾರ. ಪಶು ಆಹಾರದ ಮೂಟೆ ಪಕ್ಕ ಗೋಣಿ ಹೊದ್ದು ಕೂತಿದೆಯಲ್ಲ, ಅದೇ. ಅದರಲ್ಲಿರುವುದು ವಿಂಡೋಸ್ 10. ಅದಕ್ಕೆ ಕೊಡುತ್ತಿದ್ದ ಮಾಮೂಲು ಭದ್ರತಾ ತಿದ್ದುಪಡಿಗಳ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ಆವೃತ್ತಿಯನ್ನು ಆ ಹಳೇ ಪೆಟ್ಟಿಗೆ ಒಪ್ಪುವುದಿಲ್ಲ. ಲೆಕ್ಕಪತ್ರ ಅದರಲ್ಲಿ ಇಡುವುದು ಬೇಡ ಅಂತ ಹೊಸದು ತಂದೆವು, ಅದು ಸರಿ. ಹಳೆಯದನ್ನು ಗುಜರಿಗೆ ಹಾಕೋಣ ಅಂತ ಆಡಳಿತ ಮಂಡಳಿಯಲ್ಲಿ ಬಂತು. ಗುಜರಿಯವನು ಸಾವಿರದೈನೂರು ಅಂದ. ನಾವು ಬೇಡ ಅಂದೆವು. ಲಿನಕ್ಸ್ ಅಂತ ಒಂದಿದೆ, ದುಡ್ಡು ಕೊಡಬೇಕಾಗಿಲ್ಲ, ಹಳೇ ಯಂತ್ರದಲ್ಲೂ ನಡೆಯುತ್ತೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಕೆ.ಪಿ. ರಾವ್ ಅವರು ಮಾಡಿದ ಕನ್ನಡ ಕೀಲಿಮಣೆಯ ಜೋಡಣೆಯೂ ಅದರಲ್ಲಿ ಸಿಗುತ್ತೆ. ಚದುರಂಗ ಇದೆ, ಬೆರಳಚ್ಚು ಕಲಿಸುವ ಆಟ ಇದೆ, ಬೊಂಬೆ ಬಟ್ಟೆ ಮಾರುವುದಿಲ್ಲ. ಡೇರಿಯ ಪಕ್ಕದ ಕೋಣೆಯಲ್ಲಿ ಇಟ್ಟು, ಸಂಜೆ ಹಾಲು ಹಾಕುವ ಹೊತ್ತಿಗೆ ಬಾಗಿಲು ತೆಗೆದರೆ, ಅಮ್ಮಂದಿರ ಜೊತೆ ಬರುವ ಮಕ್ಕಳು ಎರಡು ಗಂಟೆ ಕೂರಬಹುದು.

'ಡೇರಿ ಇರೋದು ಹಾಲಿಗೋ, ಮಕ್ಕಳ ಆಟಕ್ಕೋ' ಅಂತ ನಮ್ಮ ಜೊತೆಯ ನಿರ್ದೇಶಕರೇ ಕೇಳಿದ್ದಾರೆ. ಕೇಳುವ ಹಕ್ಕು ಅವರಿಗಿದೆ. ಕರೆಂಟು ಖರ್ಚು, ಕೋಣೆಗೆ ಸುಣ್ಣ, ಎರಡು ಬೆಂಚು, ಇಷ್ಟಕ್ಕೆ ಲಾಭದಲ್ಲಿ ಒಳ್ಳೇ ಕೆಲಸಕ್ಕೆ ಎತ್ತಿಡುವ ಹಣ ಸಾಕು ಎಂಬುದು ನಮ್ಮ ಲೆಕ್ಕ. ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಪರದೆಯನ್ನು ಬಾಗಿಲ ಕಡೆಗೆ ಮುಖ ಮಾಡಿ ಇಡಬೇಕು ಎಂಬುದು ಮಾತ್ರ ನಮ್ಮ ಹಟ. ವಿಷಯ ಮುಂದಿನ ಸರ್ವ ಸದಸ್ಯರ ಸಭೆಗೆ ಬರುತ್ತೆ. ಗಂಡಸರು ಬಂದು ಕೈಯೆತ್ತಿ ಹೋಗುವುದಲ್ಲ, ಹಾಲು ಹಾಕುವ ತಾಯಂದಿರೂ ಬರಬೇಕು, ಮಕ್ಕಳ ಪಾಡು ನಿಮಗೇ ಚೆನ್ನಾಗಿ ಗೊತ್ತು.

ಊಟಕ್ಕೆ ಎಲೆ ಹಾಕಿದ್ದಾರೆ ಅಂತ ಕಾರ್ಯದರ್ಶಿಗಳು ಆಗಲೇ ಎರಡು ಸಲ ಸನ್ನೆ ಮಾಡಿದರು. ನಮ್ಮ ಮಾತು ಮುಗಿಸುತ್ತೇವೆ.