ಎದುರು ಸಾಲಿನ ಪ್ರೇಕ್ಷಕ

(ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳು)



ಇಂದು ಆಟದ ವಿಷಯ ಮಾತಾಡುತ್ತೇವೆ ಎಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ಈ ವೇದಿಕೆಯ ಮೇಲೆ ಚೆಂಡಾಟಕ್ಕೇನು ಕೆಲಸ ಎಂದು ಒಬ್ಬರು ಕೇಳಿಯೇಬಿಟ್ಟರು. ಆಟದ ಗುಣದೋಷ ಹೇಳಲು ನಾವು ಬಂದಿಲ್ಲ. ಆ ಪಾಂಡಿತ್ಯವೂ ನಮಗಿಲ್ಲ. ಆಟ ನೋಡಲು ಕೂತವನು ಎದುರು ಸಾಲಿನಲ್ಲಿ ಕೂತವನಿಗೆ ಏನು ಮಾಡುತ್ತಾನೆ, ಏಕೆ ಮಾಡುತ್ತಾನೆ ಎಂಬುದು ನಮ್ಮ ಪ್ರಶ್ನೆ. ಅದಕ್ಕಾಗಿ ಅಮೆರಿಕಾದ ಅಲಬಾಮ ಸಂಸ್ಥಾನದಲ್ಲಿ ನಡೆದ ಒಂದು ಪ್ರಕರಣವನ್ನು ಎತ್ತಿಕೊಂಡಿದ್ದೇವೆ.

ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ನುಗ್ಗುವ ಆಟ, ನಮ್ಮ ಕಾಲ್ಚೆಂಡಾಟವಲ್ಲ. ಕಾಲೇಜು ಹುಡುಗರದು ತಾನೆ ಎಂದು ಹಗುರವಾಗಿ ಎಣಿಸಬೇಡಿ. ಅಲಬಾಮ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ 1 ಲಕ್ಷ ಜನ ಕೂರುತ್ತಾರೆ. ಅದೇ ಸಂಸ್ಥಾನದ ಆಬರ್ನ್ ವಿಶ್ವವಿದ್ಯಾನಿಲಯದ್ದೂ 80 ಸಾವಿರ ದಾಟುತ್ತದೆ. ಈ ಆಟದಲ್ಲಿ ದೇಶದ ದೊಡ್ಡ ವೃತ್ತಿಪರ ಲೀಗಿನ ತಂಡ ಆ ಸಂಸ್ಥಾನಕ್ಕೆ ಇಲ್ಲ. ಹಾಗಾಗಿ ಜನರ ಅಭಿಮಾನವೆಲ್ಲ ಈ ಎರಡು ಕಾಲೇಜುಗಳ ಹೆಸರಿನಲ್ಲಿ ಹೋಳಾಗಿದೆ. ಗಂಡ ಒಂದು ಪಕ್ಷ, ಹೆಂಡತಿ ಇನ್ನೊಂದು ಪಕ್ಷ ಎನ್ನುವ ಮನೆಗಳೂ ಅಲ್ಲಿವೆ.

ಜಗಳ ಹಳೆಯದು. 1907ರಲ್ಲಿ ಪಂದ್ಯ 6-6ರ ಸಮದಲ್ಲಿ ಮುಗಿಯಿತು. ಮುಂದಿನ ವರ್ಷ ಆಟಗಾರರ ದಿನಭತ್ಯ ಎಷ್ಟು, ತೀರ್ಪುಗಾರರನ್ನು ಎಲ್ಲಿಂದ ಕರೆಸುವುದು ಎಂಬ ತಕರಾರೆದ್ದು 41 ವರ್ಷ ಎರಡು ತಂಡಗಳೂ ಪರಸ್ಪರ ಆಡಲೇ ಇಲ್ಲ. ಪುಡಿಗಾಸಿನ ತಕರಾರು ಎರಡು ತಲೆಮಾರನ್ನು ತಿಂದಿತು! ಕಡೆಗೆ 1948ರಲ್ಲಿ ಮತ್ತೆ ಪಂದ್ಯ ಕೂಡಿಬಂದಾಗ ಎರಡೂ ಕಡೆಯ ವಿದ್ಯಾರ್ಥಿ ಸಂಘಗಳ ಅಧ್ಯಕ್ಷರು ಬರ್ಮಿಂಗ್‌ಹ್ಯಾಮ್ ನಗರದ ಉದ್ಯಾನದಲ್ಲಿ ಒಂದು ಕೊಡಲಿಯನ್ನು ನೆಲದಲ್ಲಿ ಹೂಳಿದರು. ಹಗೆ ತೀರಿತು ಎಂಬುದಕ್ಕೆ ಅದು ಅವರ ಕಡೆಯ ಕುರುಹು.

ಕೊಡಲಿಯೇನೋ ಹೂತರು. ಹಗೆ ಬೇರೆ ದಾರಿ ಹುಡುಕಿಕೊಂಡಿತು.

ಆಬರ್ನ್ ಊರಿನಲ್ಲಿ ಟೂಮರ್ಸ್ ಕಾರ್ನರ್ ಎಂಬ ಕೂಡುರಸ್ತೆ ಇದೆ. ಅಲ್ಲಿ ಎರಡು ಹಿರಿಯ ಓಕ್ ಮರಗಳಿದ್ದವು. ತಮ್ಮ ತಂಡ ಗೆದ್ದ ದಿನ ಊರವರು, ವಿದ್ಯಾರ್ಥಿಗಳು ಅಲ್ಲಿ ನೆರೆದು ಶೌಚದ ಕಾಗದದ ಸುರುಳಿಗಳನ್ನು ಕೊಂಬೆಗಳಿಗೆ ಎಸೆಯುತ್ತಿದ್ದರು. ಮರವೆಲ್ಲ ಬೆಳ್ಳಗಾಗುತ್ತಿತ್ತು. ನಮಗೆ ವಿಚಿತ್ರವೆನಿಸಬಹುದು, ಮಕ್ಕಳು ಮುದುಕರೆಲ್ಲ ಕೂಡಿ ಮಾಡುವ ಸಂಭ್ರಮ, ಯಾರಿಗೂ ಕೇಡಿಲ್ಲ. 2010ರ ನವೆಂಬರ್ 26ರಂದು ಅಲಬಾಮ ತಂಡ 24-0 ಮುಂದಿತ್ತು. ಆದರೆ ಪಂದ್ಯ ಮುಗಿದಾಗ ಆಬರ್ನ್ 28-27ರಿಂದ ಗೆದ್ದಿತ್ತು.

ಎರಡು ತಿಂಗಳ ಮೇಲೆ, 2011ರ ಜನವರಿಯಲ್ಲಿ, ಒಬ್ಬಾತ ರೇಡಿಯೋ ಕಾರ್ಯಕ್ರಮವೊಂದಕ್ಕೆ ಫೋನು ಮಾಡಿ, ಆ ಮರಗಳಿಗೆ ವಿಷ ಹಾಕಿದವನು ತಾನೇ ಎಂದು ಹೆಮ್ಮೆಯಿಂದ ಹೇಳಿಕೊಂಡ. ಮಣ್ಣು ಪರೀಕ್ಷಿಸಿದರೆ ಮಾತು ನಿಜ. ಬೇರಿನ ಮೂಲಕ ಏರುವ ಕಳೆನಾಶಕ ಅದು. ಮರವನ್ನು ಒಮ್ಮೆಗೇ ಕೊಲ್ಲುವುದಿಲ್ಲ. ಎಲೆ ಚಿಗುರುತ್ತದೆ, ಆಹಾರ ಮಾಡಿಕೊಳ್ಳಲಾರದೆ ಉದುರುತ್ತದೆ. ಮತ್ತೆ ಚಿಗುರುತ್ತದೆ, ಮತ್ತೆ ಉದುರುತ್ತದೆ. ಬೇರಿನಲ್ಲಿದ್ದ ಉಳಿತಾಯ ಬರಿದಾಗುವವರೆಗೂ ಇದೇ ಸಂಕಟ. ವಿಶ್ವವಿದ್ಯಾನಿಲಯದವರು ಬುಡದ ಮಣ್ಣು ತೆಗೆಸಿದರು, ವಿಷ ಹೀರಲು ಇದ್ದಿಲು ಹಾಕಿದರು, ಸಕ್ಕರೆ ದ್ರಾವಣ ಕೊಟ್ಟರು. ಮರ ಉಳಿಯಲಿಲ್ಲ. 2013ರ ಏಪ್ರಿಲ್ 23ರಂದು ಎರಡನ್ನೂ ಕಡಿದರು.

ಆತ ಯಾರು? ಹಿಂದೆ ಟೆಕ್ಸಾಸಿನಲ್ಲಿ ಪೊಲೀಸ್ ಕೆಲಸದಲ್ಲಿದ್ದವನು, ಅರವತ್ತು ದಾಟಿದವನು. ಯಾವ ಅಲಬಾಮ ವಿಶ್ವವಿದ್ಯಾನಿಲಯದ ಮಾನಕ್ಕಾಗಿ ಇದನ್ನು ಮಾಡಿದನೋ ಅಲ್ಲಿ ಒಂದು ದಿನವೂ ಓದಿದವನಲ್ಲ. ಇದನ್ನು ಗಮನಿಸಿರಿ. ತಂಡದಲ್ಲಿ ಆಡಿದವನಲ್ಲ, ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಗೆದ್ದರೆ ಅವನಿಗೆ ಬರುವುದು ಏನೂ ಇಲ್ಲ. ಆದರೂ ಆ ಗೆಲುವೊಂದೇ ಅವನ ಬಾಳಿನ ಆಸ್ತಿಯಾಗಿತ್ತು. ಆ ಆಸ್ತಿಯನ್ನು ಕಸಿದದ್ದು ಯಾರು? ಮೈದಾನದಲ್ಲಿದ್ದ ಹನ್ನೊಂದು ಹುಡುಗರು. ಶಿಕ್ಷೆ ಯಾರಿಗೆ? ಎದುರು ಸಾಲಿನಲ್ಲಿ ಕೂತು ನಲಿದ ತನ್ನಂಥವರಿಗೇ. ನ್ಯಾಯಾಲಯ ಸೆರೆಮನೆ ವಿಧಿಸಿತು, ಸುಮಾರು 8 ಲಕ್ಷ ಡಾಲರು ನಷ್ಟ ತುಂಬಿಕೊಡಲು ಹೇಳಿತು. 2020ರಲ್ಲಿ ಆತ ತೀರಿಕೊಂಡಾಗ ಸಂದಾಯವಾದದ್ದು 7 ಸಾವಿರದ ಆಸುಪಾಸು.

ಇದು ಒಬ್ಬ ಹುಚ್ಚನ ಕಥೆ ಎನ್ನುತ್ತೀರಿ. ಸೋತ ಹೊಟ್ಟೆಯುರಿ ಎನ್ನುತ್ತೀರಿ. ಹಾಗಾದರೆ 2022ರ ಸೆಪ್ಟೆಂಬರಿನ ಸಂಗತಿ ಕೇಳಿ. ಆರೆಗಾನ್ ವಿಶ್ವವಿದ್ಯಾನಿಲಯದ ಮೈದಾನಕ್ಕೆ ಮಾರ್ಮನ್ ಪಂಥದವರ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದ ತಂಡ ಬಂದಿತ್ತು. ಆತಿಥೇಯ ವಿದ್ಯಾರ್ಥಿಗಳ ಸಾಲಿನಿಂದ ಒಂದು ಗುಂಪು, ಬಂದವರ ಮತದ ಹೆಸರು ಹಿಡಿದು, ನಾವಿಲ್ಲಿ ಉಚ್ಚರಿಸಲಾರದ ಮಾತನ್ನು ಘೋಷಣೆಯಾಗಿ ಕೂಗಿತು. ಆ ದಿನ ಆರೆಗಾನ್ 41-20ರಿಂದ ಗೆದ್ದಿತು. ಕೂಗಿದವರು ಗೆದ್ದ ಪಕ್ಷದವರು, ಓದುವ ಮಕ್ಕಳು! ವಿಶ್ವವಿದ್ಯಾನಿಲಯ ಕ್ಷಮೆ ಕೇಳಿತು. ತಂಡದ ದ್ವೇಷ ತಂಡದಲ್ಲೇ ನಿಲ್ಲುವುದಿಲ್ಲ. ಮತ, ಬಣ್ಣ, ಕುಲ, ಕೈಗೆ ಯಾವುದು ಸಿಕ್ಕಿದರೆ ಅದನ್ನು ಎತ್ತಿಕೊಳ್ಳುತ್ತದೆ. 2021ರಲ್ಲಿ ಟೆನೆಸ್ಸಿಯ ಪ್ರೇಕ್ಷಕರ ಕೈಗೆ ಸಿಕ್ಕಿದ್ದು ಬಾಟಲಿ, ಗಾಲ್ಫ್ ಚೆಂಡು; ಅವು ಮೈದಾನಕ್ಕೆ ಬಿದ್ದು ಆಟ ಇಪ್ಪತ್ತು ನಿಮಿಷ ನಿಂತಿತು, ವಿಶ್ವವಿದ್ಯಾನಿಲಯಕ್ಕೆ ಎರಡೂವರೆ ಲಕ್ಷ ಡಾಲರು ದಂಡ ಬಿತ್ತು. ಪಂದ್ಯ ನಡೆಯುವ ದಿನ ಆತಿಥೇಯ ಊರಿನಲ್ಲಿ ಹಲ್ಲೆಗಳು ಶೇಕಡಾ 9ರಷ್ಟು ಏರುತ್ತವೆಂದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ.

ಈ ಕಿಚ್ಚಿನಲ್ಲಿ ಚಳಿ ಕಾಯಿಸಿಕೊಳ್ಳುವವರು ಯಾರು? ಆ ಮುದುಕ ಫೋನು ಮಾಡಿದ ಕಾರ್ಯಕ್ರಮ ನಡೆಯುತ್ತಿದ್ದುದೇ ಎರಡು ಕಡೆಯವರು ಪರಸ್ಪರ ಹಳಿಯುವುದರ ಮೇಲೆ. ಮುಂದೆ 2014ರಲ್ಲಿ ಅದು ದೂರದರ್ಶನ ಜಾಲಕ್ಕೂ ಏರಿತು. ಅದೇ ಪ್ರಾಂತದ ದೊಡ್ಡ ಒಕ್ಕೂಟ 2019ರಲ್ಲಿ ಸಾಮಾನ್ಯ ಸಾಲುಗಳಲ್ಲೂ ಮದ್ಯ ಮಾರಲು ಒಪ್ಪಿತು. ತರಬೇತುದಾರರಿಗೆ ವರ್ಷಕ್ಕೆ ಕೋಟಿ ಡಾಲರಿನ ಸಂಬಳ. ಆಡಿ ಮೂಳೆ ಮುರಿದುಕೊಳ್ಳುವ ಹುಡುಗನಿಗೆ ಕಾಲೇಜೇ ನೇರವಾಗಿ ಹಣ ಹಂಚಲು ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಟಿಕೆಟ್ಟು ಕೊಂಡು ಬಂದ ಇಬ್ಬರು ಕೂಲಿಕಾರರು ಮಾತ್ರ ಅಂಗಿಯ ಬಣ್ಣ ಬೇರೆಯೆಂದು ಕೊರಳಪಟ್ಟಿ ಹಿಡಿಯುತ್ತಾರೆ.

ಕೂಗಬೇಡಿ ಎಂದು ನಾವು ಹೇಳುತ್ತಿಲ್ಲ. ಕೂಗಿಲ್ಲದ ಆಟ ಸಪ್ಪೆ. ನಾವೂ ಹುಡುಗರಾಗಿದ್ದಾಗ ಗಂಟಲು ಹರಿಯುವಂತೆ ಕೂಗಿದವರೇ. ಎದುರು ಊರಿನವರನ್ನು ಹೀಯಾಳಿಸಿದವರೇ. ಆ ದಿನ ಅವರಿಗೆ ಹೇಗಾಗಿತ್ತೋ ಎಂದು ನಮಗೆ ಹೊಳೆಯಲು ಬಹಳ ವರ್ಷ ಹಿಡಿಯಿತು.

ಅಲಬಾಮದ ಕಥೆಯಲ್ಲಿ ಪತ್ರಿಕೆಗಳು ಅಷ್ಟಾಗಿ ಎತ್ತಿ ಆಡದ ಇನ್ನೊಂದು ಭಾಗ ಇದೆ. ವಿಷದ ಸುದ್ದಿ ಬಂದ ಕೂಡಲೇ ಅಲಬಾಮ ತಂಡದ ಅಭಿಮಾನಿಗಳೇ ಒಟ್ಟಾಗಿ ಆಬರ್ನಿನ ಮರಗಳನ್ನು ಉಳಿಸಲೆಂದು ಚಂದಾ ಎತ್ತಿದರು. ತಮ್ಮ ತಂಡದ ಸೋಲನ್ನು ಕೊಂಡಾಡಲು ಬಳಸಿದ ಮರಗಳು ಅವು! ಸೋಲಿನ ಗಾಯ ಇನ್ನೂ ಹಸಿಯಾಗಿತ್ತು.

ಅದೇ ದೇಶದಲ್ಲಿ ಭೂಸೇನೆಯ ಅಕಾಡೆಮಿಗೂ ನೌಕಾಸೇನೆಯ ಅಕಾಡೆಮಿಗೂ ಪ್ರತಿವರ್ಷ ಪಂದ್ಯ ನಡೆಯುತ್ತದೆ. ಹಗೆಯಲ್ಲಿ ಅವರೇನೂ ಕಡಿಮೆಯಲ್ಲ. ವರ್ಷವಿಡೀ ಒಬ್ಬರನ್ನೊಬ್ಬರು ಕೆಣಕುವವರೇ. ಆಟ ಮುಗಿದೊಡನೆ ಎರಡೂ ತಂಡ ಒಟ್ಟಾಗಿ ಮೊದಲು ಸೋತವರ ಪ್ರೇಕ್ಷಕರ ಎದುರು ಹೋಗಿ ನಿಲ್ಲುತ್ತವೆ. ಸೋತ ಶಾಲೆಯ ಗೀತೆ ಮುಗಿಯುವವರೆಗೂ ಗೆದ್ದವರು ಅವರ ಪಕ್ಕದಲ್ಲೇ ಗೌರವದಿಂದ ನಿಂತಿರುತ್ತಾರೆ. ಆಮೇಲೆ ಎಲ್ಲರೂ ಮೈದಾನ ದಾಟಿ ಗೆದ್ದವರ ಕಡೆಗೆ ನಡೆಯುತ್ತಾರೆ.