ಬೇಟೆಗಾರನ ಜೊತೆ ಮರವೇರುವ ಅಟ್ಟಣೆ

ಅಟ್ಟಣೆ ಎಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ಆನೆ, ಹಂದಿಗಳಿಂದ ಬೆಳೆ ಕಾಯಲು ರೈತ ಕಟ್ಟಿಕೊಳ್ಳುವುದು ಅದನ್ನೇ. ಶಿಕಾರಿಯ ಕಾಲದಲ್ಲಿ ಬೇಟೆಗಾರರು ಹುಲಿಗಾಗಿ ಕಾದು ಕೂರುತ್ತಿದ್ದುದೂ ಅದರ ಮೇಲೆಯೇ. 1926ರಲ್ಲಿ ಜಿಮ್ ಕಾರ್ಬೆಟ್ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಹೊಡೆದದ್ದು ಮಾವಿನ ಮರದ ಅಟ್ಟಣೆಯಿಂದ. ಆದರೆ ಒಮ್ಮೆ ಕಟ್ಟಿದ ಅಟ್ಟಣೆ ಆ ಮರಕ್ಕೇ ಸೀಮಿತ. ಅಮೆರಿಕದ ಜಿಂಕೆ ಬೇಟೆಗಾರನಾದರೋ ಅಟ್ಟಣೆಯನ್ನು ಬೆನ್ನಿಗೆ ಹೊತ್ತು ಕಾಡಿಗೆ ಹೋಗುತ್ತಾನೆ. ಅಲ್ಲಿ ಅದು ಅವನ ಜೊತೆಗೇ ಮರವೇರುತ್ತದೆ.

ಮರವೇಕೆ ಬೇಕು? ಅಲ್ಲಿನ ಬಿಳಿಬಾಲದ ಜಿಂಕೆಯ ಮೂಗು ಬಹಳ ಚುರುಕು. ನೆಲದ ಮೇಲಿನ ಸಣ್ಣ ಅಲುಗಾಟವೂ ಅದರ ಕಣ್ಣಿಗೆ ಬೀಳುತ್ತದೆ. ಆದರೆ ತಲೆಯೆತ್ತಿ ಮರದ ಮೇಲೆ ನೋಡುವುದು ಕಡಿಮೆ. ಹದಿನೈದು ಇಪ್ಪತ್ತು ಅಡಿ ಎತ್ತರದಲ್ಲಿ ಕುಳಿತವನ ವಾಸನೆಯೂ ಹಲವು ಬಾರಿ ಅದರ ತಲೆಯ ಮೇಲೆಯೇ ತೇಲಿ ಹೋಗುತ್ತದೆ.

ಈ ಅಟ್ಟಣೆಗೆ ಎರಡು ಚೌಕಟ್ಟುಗಳು. ಮೇಲಿನದು ಕೂರಲು, ಕೆಳಗಿನದು ನಿಲ್ಲಲು. ಎರಡಕ್ಕೂ ಕಾಂಡವನ್ನು ಬಳಸುವ ಉಕ್ಕಿನ ಹಗ್ಗ ಅಥವಾ ಪಟ್ಟಿ ಇರುತ್ತದೆ. ಭಾರ ಬಿದ್ದಾಗ ಚೌಕಟ್ಟು ತೊಗಟೆಯನ್ನು ಕಚ್ಚುತ್ತದೆ, ಭಾರ ತೆಗೆದರೆ ಸಡಿಲವಾಗುತ್ತದೆ. ಬೇಟೆಗಾರ ನಿಂತು ಮೇಲಿನದನ್ನು ಏರಿಸುತ್ತಾನೆ. ಆಮೇಲೆ ಅದರ ಮೇಲೆ ಕುಳಿತು, ಪಾದಗಳಿಂದ ಕೆಳಗಿನದನ್ನು ಎಳೆದುಕೊಳ್ಳುತ್ತಾನೆ. ಕಂಬಳಿಹುಳು ಮೈ ಕುಗ್ಗಿಸಿ ಹಿಗ್ಗಿಸಿ ತೆವಳುವ ಹಾಗೆ. ಕೊಂಬೆಯಿಲ್ಲದ ನೇರ ಮರವೇ ಇದಕ್ಕೆ ಬೇಕು.

ಇಲ್ಲಿರುವ ಅಪಾಯ ಜಿಂಕೆಯದಲ್ಲ, ಎತ್ತರದ್ದು. ಅಮೆರಿಕದಲ್ಲಿ ಬೇಟೆಗಾರರಿಗಾಗುವ ದೊಡ್ಡ ಗಾಯಗಳಿಗೆ ಅಟ್ಟಣೆಯಿಂದ ಬೀಳುವುದೇ ಒಂದು ಮುಖ್ಯ ಕಾರಣ. ಮೇಲೆ ಕುಳಿತವರಷ್ಟೇ ಅಲ್ಲ, ಹತ್ತುವವರು, ಇಳಿಯುವವರೂ ಬೀಳುತ್ತಾರೆ. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದವರಿದ್ದಾರೆ, ಸತ್ತವರಿದ್ದಾರೆ. ಕಾಲು ನೆಲ ಬಿಡುವ ಮೊದಲೇ ಮೈಗೆ ಪೂರ್ತಿ ಕಟ್ಟುವ ಪಟ್ಟಿಯನ್ನು ಮರಕ್ಕೆ ಬಿಗಿಯಬೇಕು, ಮತ್ತೆ ನೆಲ ಮುಟ್ಟುವವರೆಗೆ ಬಿಚ್ಚಬಾರದು ಎಂಬುದು ಅಲ್ಲಿ ಕಲಿಸುವ ಮೊದಲ ಪಾಠ. ಗುಂಡು ತೆಗೆದ ಬಂದೂಕನ್ನು ಮೇಲೆ ಕುಳಿತ ನಂತರ ಹಗ್ಗದಿಂದ ಎಳೆದುಕೊಳ್ಳಬೇಕು ಎಂಬುದು ಎರಡನೆಯದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಅಟ್ಟಣೆಯ ಕಾಲ ಮುಗಿಯಿತು. ಮರ ಹತ್ತುವವರ ಕಾಲವೇನೂ ಮುಗಿದಿಲ್ಲ. ಕುಳಿತೇ ತೆಂಗಿನ ಮರ ಏರುವ ಯಂತ್ರದ ತತ್ವವೂ ಇದೇ ಎರಡು ಚೌಕಟ್ಟುಗಳದ್ದು. ಮಲೆನಾಡಿನ ಕೊನೆಗಾರನೋ ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುತ್ತಾನೆ, ಒಂದರಿಂದ ಇನ್ನೊಂದಕ್ಕೆ ದಾಟುತ್ತಾನೆ. ಅಮೆರಿಕದವನು ಏರುವುದು ವರ್ಷದ ಕೆಲವು ದಿನ, ಹವ್ಯಾಸಕ್ಕೆ. ಇವನು ಸುಗ್ಗಿಯುದ್ದಕ್ಕೂ ಏರುವುದು ಹೊಟ್ಟೆಪಾಡಿಗೆ. ಹವ್ಯಾಸಿಗೆ ಕಡ್ಡಾಯವೆಂದು ಕಲಿಸುವ ಆ ಪಟ್ಟಿ ಮೊದಲು ಬೇಕಾದದ್ದು ಇಂಥ ದುಡಿಯುವವನಿಗೆ.