ಮನೆಯ ಆಯ, ಮನುಷ್ಯನ ಅಳತೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಎರಡಕ್ಕೂ ಜಾತಕ ಬೇಕೆಂಬುದನ್ನು ಗಾದೆ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಯಜಮಾನನ ಜನ್ಮನಕ್ಷತ್ರಕ್ಕೂ ಮನೆಯ ನಕ್ಷತ್ರಕ್ಕೂ ಕೂಡಿಬರುವುದೇ ಎಂದು ನೋಡುವುದು ಬಹು ಹಳೆಯ ಪದ್ಧತಿ. ಮನೆಗೆ ನಕ್ಷತ್ರ ಎಲ್ಲಿಂದ ಬಂತು? ಉದ್ದಗಲಗಳ ಗುಣಲಬ್ಧವನ್ನು ಎಂಟರಿಂದ ಗುಣಿಸಿ, ಇಪ್ಪತ್ತೇಳರಿಂದ ಭಾಗಿಸಿದಾಗ ಉಳಿಯುವ ಶೇಷದಿಂದ. ಅಂದರೆ ಮನೆ ಹುಟ್ಟುವ ಮುಂಚೆಯೇ ಅದರ ಜಾತಕ ಹುಟ್ಟುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ ಒಂದುಗೂಡಿ, ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದ ಸೀಮೆಯಿದು. ಇಲ್ಲಿ ರಾಗಿಯ ಹೊಲಕ್ಕೂ ಹಿಪ್ಪುನೇರಳೆ ತೋಟಕ್ಕೂ ನಡುವೆ ಈಗ ನಿವೇಶನದ ಗಡಿಕಲ್ಲುಗಳು ಎದ್ದಿವೆ. ಗುದ್ದಲಿ ಪೂಜೆಗೆ ಮೊದಲು ಮನೆಯ ಆಯ ನೋಡಿಸದವರು ವಿರಳ. ಆದ್ದರಿಂದ ಈ ಲೆಕ್ಕವನ್ನು ಕೊಂಚ ಬಿಡಿಸಿ ನೋಡೋಣ.

ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಕೆಲವರು ನಡುವೆ ಒಂಬತ್ತರಿಂದಲೂ ಗುಣಿಸುತ್ತಾರೆ. ಒಂಬತ್ತರಲ್ಲಿ ಎಂಟು ಕಳೆದರೆ ಒಂದೇ ಉಳಿಯುವುದರಿಂದ ಶೇಷ ಬದಲಾಗದು. ಒಂದು ಉಳಿದರೆ ಧ್ವಜ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ನಾಲ್ಕಕ್ಕೆ ಶ್ವಾನ, ಐದಕ್ಕೆ ವೃಷಭ, ಆರಕ್ಕೆ ಖರ, ಏಳಕ್ಕೆ ಗಜ, ಏನೂ ಉಳಿಯದಿದ್ದರೆ ಕಾಕ. ಧ್ವಜ, ಸಿಂಹ, ವೃಷಭ, ಗಜ ಶುಭ. ಹೊಗೆ, ನಾಯಿ, ಕತ್ತೆ, ಕಾಗೆ ಅಶುಭ. ಗಮನಿಸಿ, ಶುಭವೆಲ್ಲ ಬೆಸಸಂಖ್ಯೆ. ಗುಣಲಬ್ಧ ಬೆಸವಾಗಬೇಕಾದರೆ ಉದ್ದವೂ ಅಗಲವೂ ಬೆಸವಾಗಲೇಬೇಕು. ಪ್ರಾಣಿಗಳ ಮುಖವಾಡ ತೆಗೆದರೆ ಉಳಿಯುವ ಸೂತ್ರ ಇಷ್ಟೇ: ಬೆಸ ಅಳತೆಯಲ್ಲಿ ಕಟ್ಟು. ಅದರಲ್ಲಿ ಅರ್ಥವಿಲ್ಲದೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ಮೂರಂಕಣದ ಮನೆ, ಐದಂಕಣದ ಮನೆ ಎನ್ನುವುದುಂಟು. ಅಂಕಣ ಬೆಸವಾದರೆ ನಟ್ಟನಡುವೆ ಕಂಬ ಬಾರದು, ತೆರಪು ಬರುತ್ತದೆ. ಬಾಗಿಲಿಗೆ ಸಹಜವಾದ ಜಾಗ ಸಿಗುತ್ತದೆ.

ಇನ್ನು ತೊಡಕನ್ನು ನೋಡಿ. ೨೭ ಅಡಿ ಉದ್ದ, ೩೩ ಅಡಿ ಅಗಲದ ಮನೆಗೆ ಗುಣಲಬ್ಧ ೮೯೧, ಶೇಷ ಮೂರು, ಸಿಂಹಾಯ. ಯಜಮಾನನಿಗೆ ಸಂತೋಷ. ಆದರೆ ಶಾಸ್ತ್ರಗ್ರಂಥಗಳು ಬರೆದದ್ದು ಅಡಿಯಲ್ಲಲ್ಲ, ೨೪ ಅಂಗುಲದ ಹಸ್ತದಲ್ಲಿ, ಅಂದರೆ ಮೊಳದಲ್ಲಿ. ಮೊಳಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ ಅದೇ ಗೋಡೆಗಳು ೧೮ ಮೊಳ, ೨೨ ಮೊಳ, ಗುಣಲಬ್ಧ ೩೯೬, ಶೇಷ ನಾಲ್ಕು. ಇಟ್ಟಿಗೆ ಒಂದೂ ಕದಲಲಿಲ್ಲ, ಸಿಂಹ ನಾಯಿಯಾಯಿತು! ನಮ್ಮ ಬಡಾವಣೆಗಳ ೩೦–೪೦ರ ನಿವೇಶನವನ್ನೇ ಭಾಗಿಸಿ ನೋಡಿ: ೧೨೦೦ರಲ್ಲಿ ಶೇಷ ಸೊನ್ನೆ, ಕಾಕಾಯ. ಬೀದಿ ಬೀದಿಯೇ ಕಾಗೆಯ ಪಾಲು. ಗೃಹಸ್ವಾಮಿಯ ಕೈಯಿಂದಲೇ ಅಳೆಯಬೇಕೆಂಬ ಮತವೂ ಹಿಂದೆ ಇತ್ತು. ವಾಸಿಸುವವನ ದೇಹವೇ ಆಗ ಅಳತೆಗೋಲು. ಇಂಗ್ಲೆಂಡಿನ ಅಡಿಪಟ್ಟಿಗೆ ನಮ್ಮ ಹಳೆಯ ಶೇಷವನ್ನು ಗಂಟುಹಾಕಿದಾಗ ಆ ಮನುಷ್ಯ ಲೆಕ್ಕದಿಂದ ಜಾರಿಹೋದ. ಅಂಕಿ ಮಾತ್ರ ಉಳಿಯಿತು.

ಹಾಗಾದರೆ ಎಲ್ಲವೂ ಹುಸಿಯೆ? ನಾನು ಹಾಗೆನ್ನಲಾರೆ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ೮೧ ಮನೆಗಳ ವಾಸ್ತುಮಂಡಲವನ್ನು ವಿವರಿಸಿದ್ದಾನೆ. ನಡುವಿನ ಒಂಬತ್ತು ಮನೆಗಳು ಬ್ರಹ್ಮನವು. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ಆ ನಡುಭಾಗ ಆಕಾಶಕ್ಕೆ ತೆರೆದಿರುತ್ತದೆ; ಬೆಳಕು, ಗಾಳಿ, ಮಳೆ ಮೂರೂ ಅಲ್ಲಿಂದಲೇ ಒಳಬರುತ್ತವೆ. ಅಡುಗೆಮನೆ ಆಗ್ನೇಯದಲ್ಲಿರಲಿ ಎನ್ನುವುದಕ್ಕೆ ಶಾಸ್ತ್ರ ಕೊಡುವ ಕಾರಣ ಅಗ್ನಿದೇವ. ಅನುಭವ ಕೊಡುವ ಕಾರಣ ಗಾಳಿ. ಮುಂಗಾರು ನೈಋತ್ಯದಿಂದ ಬೀಸುವಾಗ ಅಲ್ಲಿಯ ಒಲೆಯ ಹೊಗೆ ಮನೆಯೊಳಕ್ಕೆ ತಿರುಗದೆ ಹೊರಕ್ಕೆ ಸಾಗುತ್ತದೆ. ರೋಮಿನ ವಿಟ್ರೂವಿಯಸ್ ಕೂಡ ಮಲಗುವ ಕೋಣೆ, ಪುಸ್ತಕದ ಕೋಣೆಗಳು ಪೂರ್ವಕ್ಕೆ ಮುಖಮಾಡಿರಲಿ ಎಂದ. ಬೆಳಗಿನ ಬೆಳಕು ಬೇಕೆಂಬುದೇ ಅವನ ವಾದ.

ಇದಕ್ಕೆ ಸಾಕ್ಷಿ ಬೇಕಾದರೆ ರಾಮನಗರದ ಸುತ್ತಿನ ರೇಷ್ಮೆ ಬೆಳೆಗಾರರ ಹುಳುಮನೆಗೆ ಹೋಗಬೇಕು. ರೇಷ್ಮೆಹುಳುವಿಗೆ ಜನ್ಮನಕ್ಷತ್ರ ಬರೆದಿಟ್ಟವರಿಲ್ಲ. ೨೪ರಿಂದ ೨೮ ಡಿಗ್ರಿಯ ಹದ, ಹಿತವಾದ ತೇವ, ಆಡುವ ಗಾಳಿ, ನೇರ ಬೀಳದ ಬಿಸಿಲು ಇಷ್ಟನ್ನೇ ಅದು ಕೇಳುತ್ತದೆ. ಕಿಟಕಿ ಎಲ್ಲಿಟ್ಟರೆ ಚೆನ್ನ, ಯಾವ ಗೋಡೆಗೆ ನೆರಳು ಬೇಕು ಎಂಬುದು ಬೆಳೆಗಾರನಿಗೆ ಗೊತ್ತು. ತಪ್ಪಿದರೆ ಬೆಳೆ ಕೈಬಿಡುತ್ತದೆ. ಹುಳುವಿಗಾಗಿ ಅಷ್ಟು ವಿವೇಚಿಸುವ ನಾವು ನಮ್ಮ ಮಕ್ಕಳು ಮಲಗುವ ಕೋಣೆಗೆ ಬಂದಾಗ ಶೇಷವನ್ನಷ್ಟೇ ಕೇಳಿ ಸುಮ್ಮನಾಗುವುದು ಸರಿಯೆ?

ಇಲ್ಲಿಯ ಚರಿತ್ರೆಯೂ ಒಂದು ಮಾತು ಹೇಳುತ್ತದೆ. ಯಲಹಂಕದ ಕೆಂಪೇಗೌಡರು ೧೫೩೭ರಲ್ಲಿ ಶುಭಮುಹೂರ್ತ ನೋಡಿ, ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಬೆಂಗಳೂರು ಪೇಟೆಯ ಬೀದಿಗಳಿಗೆ ಗೆರೆ ಎಳೆಸಿದರೆಂದು ಪ್ರತೀತಿ. ನೂರೊಂದು ವರ್ಷಗಳ ಮೇಲೆ, ೧೬೩೮ರಲ್ಲಿ, ಬಿಜಾಪುರದ ಸೈನ್ಯ ಆ ಊರನ್ನು ಹಿಡಿಯಿತು. ಗೌಡರ ಮನೆತನ ಮಾಗಡಿಗೆ ಬಂದು ನೆಲಸಿತು. ಮುಹೂರ್ತ ರಾಜ್ಯವನ್ನು ಕಾಯಲಿಲ್ಲ. ಆದರೆ ದೊಡ್ಡಪೇಟೆ, ಚಿಕ್ಕಪೇಟೆಗಳ ಆ ಗೆರೆಗಳು ಇಂದಿಗೂ ಜನರನ್ನು ನಡೆಸುತ್ತಿವೆ. ಒಳ್ಳೆಯ ರೇಖೆ ಬಾಳುತ್ತದೆ. ಅದು ಭವಿಷ್ಯದ ಹೊಣೆ ಹೊರುವುದಿಲ್ಲ.

ಈ ಭೇದವನ್ನು ಮರೆತಾಗಲೇ ಸಂಕಟ. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಕಾಯಿಲೆಯೊ ನಷ್ಟವೊ ಒದಗಿದರೆ ಮೊದಲ ಆಪಾದನೆ ಬಾಗಿಲಿನ ಮೇಲೆ. ಬಾಗಿಲು ಕಿತ್ತು ಬೇರೆಡೆ ಇಡಿಸುತ್ತಾರೆ, ಮೆಟ್ಟಿಲು ಒಡೆಸುತ್ತಾರೆ; ಔಷಧಕ್ಕೆ ಬೇಕಾದ ಹಣ ಗಾರೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಮನೆಯವರು ತಾವಿರುವ ಗೋಡೆಗಳನ್ನೇ ಶಂಕಿಸತೊಡಗುವುದು. ಆಶ್ರಯವಾಗಬೇಕಾದದ್ದು ಆರೋಪಿಯಾಗುತ್ತದೆ. ಅಂಥ ಮನೆಗೆ ಗಜಾಯವಿದ್ದು ಫಲವೇನು?

ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನಲ್ಲಿ ಒಂದು ದೇವಾಲಯವುಂಟು. ಗರ್ಭಗೃಹದ ಅಳತೆ ಶಿಲ್ಪಿಗೆ ಪರಮ ನಿಷ್ಠೆಯ ವಿಷಯ. ಆದರೆ ಅಲ್ಲಿ ನೆಲಸಿದ ಸ್ವಾಮಿಯ ಹೆಸರು ಅಪ್ರಮೇಯ. ಅಳತೆಗೆ ಸಿಗದವನು ಎಂದರ್ಥ. ಅದೇ ಗುಡಿಯ ಅಂಬೆಗಾಲು ಕೃಷ್ಣನ ಮುಂದೆ ಮಕ್ಕಳಿಲ್ಲದವರು ತೊಟ್ಟಿಲ ಹರಕೆ ಹೊರುತ್ತಾರೆ. ಅಳೆದು ಕಟ್ಟಬೇಕಾದದ್ದನ್ನು ಅಳೆದೇ ಕಟ್ಟಬೇಕು. ಬೆಳಕು, ಗಾಳಿ, ನೀರು, ನೆರಳು ಇವುಗಳಲ್ಲಿ ಉದಾಸೀನ ಸಲ್ಲದು. ಅಷ್ಟಾದ ಮೇಲೆ ಆ ಮನೆಯಲ್ಲಿ ತೊಟ್ಟಿಲು ತೂಗುವುದು, ಹಿರಿಯರು ನೆಮ್ಮದಿಯಿಂದ ಮಲಗುವುದು, ಬಂದವರಿಗೆ ಊಟ ಸಿಗುವುದು ಇವು ಎಂಟರಿಂದ ಭಾಗಿಸಿ ತಿಳಿಯುವ ಸಂಗತಿಗಳಲ್ಲ. ಅವುಗಳ ಲೆಕ್ಕ ಮನೆಯವರ ಕೈಯಲ್ಲೇ ಇದೆ.